ಮಗುವಿನ ಮೈ ಹೇಳುವ ಮಾತು



ಮಗುವಿಗೆ ಪೆಟ್ಟಾಯ್ತು ಅಂತ ಆಸ್ಪತ್ರೆಗೆ ಹೋಗುತ್ತೇವೆ. "ಹೇಗಾಯ್ತು? ಯಾವಾಗ ಆಯ್ತು? ಆಗ ಜೊತೆಗೆ ಯಾರಿದ್ರು?" ಅಂತ ಡಾಕ್ಟರು ಕೇಳ್ತಾರೆ. "ನಮ್ಮ ಮೇಲೇ ಅನುಮಾನವೇ?" ಅಂತ ನಮಗೆ ಸಿಟ್ಟು ಬರುತ್ತದೆ. ಸಿಟ್ಟು ಬೇಡ. ಮಾತು ಬಾರದ ಕೂಸಿನ ಪರವಾಗಿ ಅವರು ಕೇಳುತ್ತಾರೆ. ನಡೆದದ್ದನ್ನು ನಡೆದ ಹಾಗೇ ಹೇಳೋಣ.

ಆಡುವ ಮಕ್ಕಳು ಬೀಳುವುದು ಸಹಜ. ಮೊಣಕಾಲು, ಹಣೆ ತರಚುತ್ತವೆ. ಆದರೆ ಅಂಬೆಗಾಲೂ ಇಡದ ಕೂಸಿನ ಮೈಮೇಲೆ ಪೆಟ್ಟಿನ ಕಲೆ ಇದ್ದರೆ? ಕಿವಿ, ಕುತ್ತಿಗೆ, ಹೊಟ್ಟೆಯ ಮೇಲೆ ಇದ್ದರೆ? ಬೀಡಿಯಿಂದ ಸುಟ್ಟಂಥ ದುಂಡು ಗುರುತು ಇದ್ದರೆ? ಹಳೆ ಗಾಯದ ಪಕ್ಕ ಹೊಸ ಗಾಯ ಇದ್ದರೆ? ಆಗ ಯಾರೋ ಹಿಂಸೆ ಕೊಡುತ್ತಿರಬಹುದು. ವಿಚಾರಿಸಲೇಬೇಕು.

ಹಾಗಂತ ದುಡುಕಬಾರದು. ಕೆಲವು ಕೂಸುಗಳ ಸೊಂಟದ ಕೆಳಗೆ ಹುಟ್ಟಿನಿಂದಲೇ ನೀಲಿ ಮಚ್ಚೆ ಇರುತ್ತದೆ. ಅದು ಪೆಟ್ಟಲ್ಲ. ರಕ್ತದ ಕಾಯಿಲೆಯಿಂದಲೂ ಕಲೆ ಏಳಬಹುದು. ಅದಕ್ಕೇ ಡಾಕ್ಟರು ರಕ್ತ ಪರೀಕ್ಷೆ, ಎಕ್ಸ್‌ರೇ ಮಾಡಿಸುತ್ತಾರೆ.

ಇನ್ನೊಂದು ಹಿಂಸೆ ಇದೆ. ಅದನ್ನು ಹೇಳಲು ನಮಗೆ ಬಾಯಿ ಬರುವುದಿಲ್ಲ. ಮಗುವಿಗೆ ಗುಪ್ತಾಂಗದಲ್ಲಿ ನೋವು, ರಕ್ತ. ಯಾರೋ ಒಬ್ಬರನ್ನು ಕಂಡರೆ ನಡುಕ. ಗಂಡು ಮಕ್ಕಳಿಗೂ ಹೀಗಾಗುತ್ತದೆ. ಎಷ್ಟೋ ಸಲ ಮನೆಯವರು, ಗುರುತಿನವರೇ ಮಾಡಿರುತ್ತಾರೆ. ಮಗು ಹೇಳಿದರೆ ನಂಬಿ. ಬೈಯಬೇಡಿ. "ನಿನ್ನ ತಪ್ಪಲ್ಲ ಕಂದಾ" ಅನ್ನಿ. ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ. ಹಾಗೇ ಬೇಗ ಆಸ್ಪತ್ರೆಗೆ ಕರೆದೊಯ್ಯಿರಿ.

2012ರಲ್ಲಿ ಪೋಕ್ಸೋ ಕಾಯ್ದೆ ಬಂತು. ಲೈಂಗಿಕ ಹಿಂಸೆಯಿಂದ 18 ವರ್ಷದೊಳಗಿನ ಎಲ್ಲ ಮಕ್ಕಳನ್ನೂ ಕಾಪಾಡುವ ಕಾಯ್ದೆ ಇದು. ಹೆಣ್ಣು ಮಗುವನ್ನು ಹೆಣ್ಣು ಡಾಕ್ಟರೇ ಪರೀಕ್ಷೆ ಮಾಡಬೇಕು. ತಾಯಿಯೋ, ಮಗು ನಂಬುವ ಬೇರೆಯವರೋ ಜೊತೆಗಿರಬೇಕು. ಸರ್ಕಾರಿ ಆಸ್ಪತ್ರೆ ಇರಲಿ, ಖಾಸಗಿ ಆಸ್ಪತ್ರೆ ಇರಲಿ, ಚಿಕಿತ್ಸೆಗೆ ದುಡ್ಡು ಕೇಳುವಂತಿಲ್ಲ. "ಮೊದಲು ಪೊಲೀಸ್ ದೂರು ತನ್ನಿ" ಅನ್ನುವಂತೆಯೂ ಇಲ್ಲ. ಆದರೆ ವಿಷಯ ತಿಳಿದ ಮೇಲೆ ಪೊಲೀಸರಿಗೆ ತಿಳಿಸುವುದು ಡಾಕ್ಟರ ಕರ್ತವ್ಯ. ನಮ್ಮ ಕರ್ತವ್ಯವೂ ಹೌದು.

"ಮನೆ ಮಾನ ಹೋಗುತ್ತೆ" ಅಂತ ಬಾಯಿ ಮುಚ್ಚಿದರೆ ಯಾರು ಉಳಿಯುತ್ತಾರೆ? ತಪ್ಪು ಮಾಡಿದವನು ಉಳಿಯುತ್ತಾನೆ. ಮಗು ಮತ್ತೆ ಅವನ ಕೈಗೇ ಸಿಗುತ್ತದೆ.

ಪೊಲೀಸ್ ಠಾಣೆಗೆ ಹೋಗಲು ಭಯವೇ? 1098ಕ್ಕೆ ಫೋನ್ ಮಾಡಿ. ಇದು ಮಕ್ಕಳ ಸಹಾಯವಾಣಿ. ಹಗಲೂ ರಾತ್ರಿಯೂ ಇರುತ್ತದೆ. ಕಾಸು ಬೇಡ.

ಈಗ ನಮಗೆ ಬರೆಯಲು ಬರುತ್ತದಲ್ಲ? ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಯೋಣ: 1098.