90 ಮಿಲಿಮೀಟರ್‌ನಲ್ಲಿ ಭೂಪ್ರದಕ್ಷಿಣೆ

ಮಧುಗಿರಿ ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,190 ಮೀಟರ್ ಎತ್ತರದಲ್ಲಿದೆ. ಅಷ್ಟು ದೂರವನ್ನು ಹಳೆಯ 350 ಸಿಸಿ ಬುಲೆಟ್ ಬೈಕಿನ ಒಂದೇ ಒಂದು ವಾಲ್ವ್ ಮುಕ್ಕಾಲು ಗಂಟೆಯೊಳಗೆ ಓಡಿ ಮುಗಿಸುತ್ತದೆ. ಅದೂ ಎಂಜಿನ್ ಬಿಟ್ಟು ಆಚೆ ಬಾರದೆ! ನಂಬಿಕೆ ಬಾರದಿದ್ದರೆ ಲೆಕ್ಕ ಹಾಕಿ. ಎಂಜಿನ್ 3,000 ಆರ್‌ಪಿಎಂನಲ್ಲಿದ್ದರೆ ವಾಲ್ವ್ ಎತ್ತುವ ಕ್ಯಾಮ್ ಅದರ ಅರ್ಧ ವೇಗದಲ್ಲಿ ತಿರುಗುತ್ತದೆ. ನಿಮಿಷಕ್ಕೆ 1,500 ಸುತ್ತು, ಸೆಕೆಂಡಿಗೆ 25. ಪ್ರತಿ ಸುತ್ತಿಗೂ ವಾಲ್ವ್ 9 ಮಿ.ಮೀ. ತೆರೆದು ಮುಚ್ಚುತ್ತದೆ ಎಂದಿಟ್ಟುಕೊಂಡರೆ ಗಂಟೆಗೆ 1,620 ಮೀಟರ್ ಓಡಾಟ.

ಇದೇನು ಮಹಾ, ಪಿಸ್ಟನ್ ನೋಡಿ. ಅದರ ಹಾದಿಯ ಉದ್ದ ಬರೀ 90 ಮಿ.ಮೀ. ಆ ಗೇಣಿಗೂ ಸಾಲದ ಜಾಗದಲ್ಲೇ ಹತ್ತಿ ಇಳಿದು ಗಂಟೆಗೆ 32.4 ಕಿ.ಮೀ. ಸವೆಸುತ್ತದೆ. ತುಮಕೂರಿನಿಂದ ಕೊರಟಗೆರೆ ಮೇಲೆ ಮಧುಗಿರಿಗೆ ಸುಮಾರು 43 ಕಿ.ಮೀ. ಪಿಸ್ಟನ್‌ಗೆ ಅದು ಒಂದು ಗಂಟೆ ಇಪ್ಪತ್ತು ನಿಮಿಷದ ಕೆಲಸ.

(ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಇಟ್ಟುಕೊಂಡವರಿಗೆ ಕ್ಯಾಮ್ ಆರಿಸುವ ತಲೆನೋವೇ ಇಲ್ಲ. ಆ ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ವಾಲ್ವ್ ಎತ್ತುವ ಕ್ಯಾಮ್‌ಗಳ ಸಂಖ್ಯೆ ಸೊನ್ನೆ! ಬುಲೆಟ್‌ಗಾದರೆ ಒಳಗೆಳೆಯಲು ಒಂದು, ಹೊರದಬ್ಬಲು ಇನ್ನೊಂದು.)

ಈಗ ಕಿವಿ ಹಿಂಡಿ 5,625 ಆರ್‌ಪಿಎಂಗೆ ಏರಿಸಿ. ಬುಲೆಟ್ ತನ್ನ ಪೂರ್ತಿ 18 ಅಶ್ವಶಕ್ತಿ ಕೊಡುವುದು ಅಲ್ಲೇ. ಪಿಸ್ಟನ್‌ನ ಸರಾಸರಿ ವೇಗ ಗಂಟೆಗೆ 60 ಕಿ.ಮೀ. ದಾಟುತ್ತದೆ, ನಡುವೆ ಸೆಕೆಂಡಿಗೆ 187 ಸಲ ಪೂರ್ತಿ ನಿಂತು ಮತ್ತೆ ಹೊರಡುತ್ತದೆ. ಹಾಗೆ ನಿಂತು ತಿರುಗುವ ತುತ್ತತುದಿಯಲ್ಲಿ ಪ್ರತಿ 100 ಗ್ರಾಂ ಲೋಹವೂ 150 ಕಿಲೊ ಮೀರಿದ ಜಗ್ಗಾಟ ನಡೆಸುತ್ತದೆ. ಹೆಚ್ಚುಕಡಿಮೆ ಇಡೀ ಬುಲೆಟ್ ಗಾಡಿಯ ತೂಕ, ಅಂಗೈಯಲ್ಲಿ ಹಿಡಿಯುವ ತುಂಡಿಗೆ!

ಇಷ್ಟೆಲ್ಲ ರಭಸದ ನಡುವೆ, ಶಕ್ತಿ ಹೆಚ್ಚಿಸಲೆಂದು ಹಾಕಿಸುವ ಪರ್ಫಾರ್ಮೆನ್ಸ್ ಕ್ಯಾಮ್ ಕೇಳುವುದಾದರೂ ಎಷ್ಟು? ವಾಲ್ವ್ ಒಂದು ಮಿ.ಮೀ. ಜಾಸ್ತಿ ಏಳಲಿ, ಒಂದು 30 ಡಿಗ್ರಿ ಜಾಸ್ತಿ ಹೊತ್ತು ತೆರೆದಿರಲಿ, ಅಷ್ಟೇ. 5,625ರಲ್ಲಿ 30 ಡಿಗ್ರಿ ಅಂದರೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಮ್ಮಿ. ಕಣ್ಣು ಒಮ್ಮೆ ಮಿಟುಕಿಸುವಷ್ಟರಲ್ಲಿ ಅಂಥ ನೂರಾರು ತುಣುಕು ಕಳೆದುಹೋಗಿರುತ್ತವೆ. ಆ ಒಂದು ತುಣುಕಿಗಾಗಿ ಗ್ಯಾರೇಜಿನಲ್ಲಿ ಸಂಜೆಯಿಡೀ ಚರ್ಚೆ!

ದೀರ್ಘ ಕಾಲದ ಲೆಕ್ಕ ಇನ್ನೂ ಮಜಾ. 3,000 ಆರ್‌ಪಿಎಂ, ಗಂಟೆಗೆ 50ರ ಸರಾಸರಿ ಹಿಡಿದರೆ ಲಕ್ಷ ಕಿ.ಮೀ.ಗೆ 2,000 ಗಂಟೆ ಬೇಕು. ಅಷ್ಟರಲ್ಲಿ ಕ್ಯಾಮ್ ತಿರುಗುವುದು 18 ಕೋಟಿ ಸುತ್ತು. 2011ರ ಜನಗಣತಿಯ ಕರ್ನಾಟಕದಲ್ಲಿ 6.11 ಕೋಟಿ ಜನ. ತಲೆಗೆ ಹತ್ತಿರ ಹತ್ತಿರ ಮೂರು ಸುತ್ತು! ಪಿಸ್ಟನ್ ಓಡಿದ್ದು 64,800 ಕಿ.ಮೀ., ಅಂದರೆ ಭೂಮಧ್ಯರೇಖೆಯ ಮೇಲೆ ಒಂದೂವರೆ ಸುತ್ತಿಗಿಂತ ಜಾಸ್ತಿ.

ಓಟದ ಲೆಕ್ಕ ಆಯಿತು, ಇನ್ನು ಶಕ್ತಿಯ ಲೆಕ್ಕಕ್ಕೆ ಪಾವಗಡಕ್ಕೆ ಬನ್ನಿ. ಸುಮಾರು 13,000 ಎಕರೆಯಲ್ಲಿ ಹಾಸಿಕೊಂಡ ಅಲ್ಲಿನ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. 18 ಅಶ್ವಶಕ್ತಿಯ ಬುಲೆಟ್‌ಗಳಿಂದ ಅದನ್ನು ಸರಿಗಟ್ಟಲು ಒಂದೂವರೆ ಲಕ್ಷಕ್ಕೂ ಹೆಚ್ಚು ಗಾಡಿ ಒಟ್ಟಿಗೆ ಗುಡುಗಬೇಕು. ಚಕ್ರಕ್ಕೆ ಚಕ್ರ ತಾಗಿಸಿ ಶಿರಾದಿಂದ ಹೆದ್ದಾರಿಯಲ್ಲಿ ಸಾಲು ನಿಲ್ಲಿಸಿದರೆ ಬಾಲ ಹುಬ್ಬಳ್ಳಿಯನ್ನೂ ದಾಟುತ್ತದೆ! ಅಷ್ಟೂ ಗಾಡಿಗೆ ಒಳ್ಳೆ ಕ್ಯಾಮ್ ಹಾಕಿ ತಲಾ ಎರಡು ಕುದುರೆ ಹೆಚ್ಚಿಸಿದಿರೋ, 15,000 ಗಾಡಿ ಮನೆಗೆ ಹೋಗಬಹುದು.

ಆದರೆ ಆ ಎರಡು ಕುದುರೆ ಕಾಣಿಸಿಕೊಳ್ಳುವುದು ಮೇಲಿನ ಆರ್‌ಪಿಎಂನಲ್ಲಿ ಮಾತ್ರ, ಕೆಳಗೆ ಎಳೆತ ತಗ್ಗುತ್ತದೆ. ಮಧುಗಿರಿ–ಪಾವಗಡದ ರಸ್ತೆಯಲ್ಲಿ 3,000ದ ಆಸುಪಾಸಿನಲ್ಲಿ ಡುಗುಡುಗು ಅಂತ ಹೋಗುವವರಿಗೆ ಸೌಮ್ಯ ಕ್ಯಾಮೇ ಸರಿ. ಪರ್ಫಾರ್ಮೆನ್ಸ್ ಕ್ಯಾಮೇ ಬೇಕೆಂದರೆ ವಾಲ್ವ್ ಪಿಸ್ಟನ್‌ಗೆ ಬಡಿಯದಷ್ಟು ಜಾಗ ಇದೆಯೇ ಎಂದು ಮೊದಲು ಅಳೆಸಿ, ಅದಕ್ಕೆ ತಕ್ಕ ಸ್ಪ್ರಿಂಗ್ ಹಾಕಿಸಿ. ಕಿಕ್ ಹೊಡೆಯುವುದು ಆಮೇಲೆ.