ನೆನಪೇ ಗ್ರಂಥವಾದ ಸಂಗೀತ

ವೈದ್ಯಶಾಸ್ತ್ರ ಕಲಿಯಲೆಂದು ಜರ್ಮನಿಗೆ ತೆರಳಿದ ತರುಣ ನೂರ್ ಅಲಿ ಬೊರೂಮಂದ್ ದೃಷ್ಟಿ ಕಳೆದುಕೊಂಡು ಇರಾನಿಗೆ ಮರಳಿದರು. ಆದರೆ ಪಾರಸಿಕ ಸಂಗೀತಕ್ಕೆ ಬೇಕಾಗಿದ್ದುದು ಕಣ್ಣಲ್ಲ, ಕಿವಿ ಮತ್ತು ನೆನಪು.

ನಮ್ಮ ರಾಗಗಳನ್ನು ನೆನಪಿಗೆ ತರುವ ‘ದಸ್ತಗಾಹ್’ಗಳು ಆ ಸಂಗೀತದಲ್ಲಿ ಏಳು, ಅವುಗಳಿಂದ ಒಡಮೂಡಿದ ‘ಆವಾಜ್’ಗಳು ಐದು. ಇವುಗಳ ನೂರಾರು ಕಿರುಸಂಚಾರಗಳನ್ನು ಕ್ರಮವಾಗಿ ಪೋಣಿಸಿದ ಪಾಠವೇ ‘ರದೀಫ್’. ಶಿಷ್ಯನು ಅದನ್ನು ಗುರುಮುಖದಿಂದ ಕಲಿತು ಕಂಠಸ್ಥ ಮಾಡಬೇಕು. ಮನೋಧರ್ಮಕ್ಕೆ ಅವಕಾಶ ಆ ಬಳಿಕವೇ.

ವಾದ್ಯಗಳೂ ಸೊಗಸಾದವು. ಹಿಪ್ಪುನೇರಳೆ ಮರದ ಬುರುಡೆಗೆ ಕುರಿಮರಿಯ ತೆಳುಚರ್ಮ ಬಿಗಿದ ತಾರ್, 72 ತಂತಿಗಳ ಸಂತೂರ್, ಕಮಾನಿನಿಂದ ನುಡಿಸುವ ಕಮಾಂಚೆ, ಜೊಂಡಿನ ಕೊಳಲಾದ ನೇಯ್. ‘ಸೆತಾರ್’ ಎಂದರೆ ಮೂರು ತಂತಿ. ಈಗ ಅದಕ್ಕೆ ನಾಲ್ಕು. ನಮ್ಮ ಸಿತಾರಿನ ಹೆಸರು ಬಂದುದು ಅದರಿಂದಲೇ.

ತಾರ್ ಮತ್ತು ಸೆತಾರ್ ವಾದನದ ಮಹಾಗುರು ಮಿರ್ಜಾ ಅಬ್ದುಲ್ಲಾ (1843–1918) ತಂದೆಯ ಮನೆತನದ ವಿದ್ಯೆಯನ್ನು ರದೀಫಾಗಿ ಅಣಿಗೊಳಿಸಿದರು. ಆದರೆ ಬಾಯಿಪಾಠದ ವಿದ್ಯೆಗೆ ಗುರುವಿನ ಬಳಿಕ ಗತಿಯೇನು? ಅವರ ಶಿಷ್ಯ ಇಸ್ಮಾಯಿಲ್ ಕಹ್ರಮಾನಿಯವರ ಬಳಿ ಬೊರೂಮಂದ್ ಸುಮಾರು ಹನ್ನೆರಡು ವರ್ಷ ಕುಳಿತು ಅದೆಲ್ಲವನ್ನೂ ಮನಸ್ಸಿನಲ್ಲಿ ತುಂಬಿಕೊಂಡರು. ತೆಹರಾನ್ ವಿಶ್ವವಿದ್ಯಾಲಯದಲ್ಲಿ ಕಲಿಸಿದರು, ಧ್ವನಿಸುರುಳಿಗಳಲ್ಲಿಯೂ ನುಡಿಸಿಟ್ಟರು. 1977ರಲ್ಲಿ ಅವರು ತೀರಿಕೊಂಡಾಗ ವಿದ್ಯೆ ಅವರೊಡನೆ ಹೋಗಲಿಲ್ಲ. 2009ರಲ್ಲಿ ಯುನೆಸ್ಕೋ ರದೀಫನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.