ಅಂಚೆ ಪೆಟ್ಟಿಗೆಯ ಬಣ್ಣಗಳು

ಭಾರತದಲ್ಲಿ ಕೆಂಪು, ಐರ್ಲೆಂಡಿನಲ್ಲಿ ಹಸಿರು, ಜರ್ಮನಿ ಮತ್ತು ಫ್ರಾನ್ಸ್‌ಗಳಲ್ಲಿ ಹಳದಿ, ಅಮೆರಿಕದಲ್ಲಿ ಕಡುನೀಲಿ, ಹೀಗೆ ದೇಶದಿಂದ ದೇಶಕ್ಕೆ ಬದಲಾಗುವ ಅಂಚೆ ಪೆಟ್ಟಿಗೆಯ ಬಣ್ಣವು ಮೇಲ್ನೋಟಕ್ಕೆ ಆಡಳಿತದ ಸಣ್ಣದೊಂದು ತೀರ್ಮಾನವೆಂದು ತೋರಿದರೂ, ಅದರ ಹಿಂದೆ ಎರಡು ಅಗತ್ಯಗಳು ಕೆಲಸ ಮಾಡಿವೆ. ಪೆಟ್ಟಿಗೆಯು ದೂರದಿಂದಲೇ ಕಣ್ಣಿಗೆ ಬೀಳಬೇಕೆಂಬುದು ಮೊದಲನೆಯದಾದರೆ, ಅದು ಯಾವ ಪ್ರಭುತ್ವಕ್ಕೆ ಸೇರಿದ್ದೆಂಬುದು ಜನರಿಗೆ ತಿಳಿಯಬೇಕೆಂಬುದು ಎರಡನೆಯದು.

ಬ್ರಿಟನ್ನಿನಲ್ಲಿ 1840ರಲ್ಲಿ, ಎಷ್ಟೇ ದೂರದ ಊರಿಗಾದರೂ ಹಗುರವಾದ ಕಾಗದಕ್ಕೆ ಒಂದೇ ಪೆನ್ನಿಯೆಂಬ ದರ ಜಾರಿಗೆ ಬಂದ ಮೇಲೆ ಪತ್ರ ಬರೆಯುವವರ ಸಂಖ್ಯೆ ಬೆಳೆಯಿತು. ಆದರೆ ಬರೆದ ಕಾಗದವನ್ನು ಹಾಕಲು ಅಂಚೆ ಕಚೇರಿಯವರೆಗೆ ನಡೆಯುವುದು ತಪ್ಪಲಿಲ್ಲ. ಅಂಚೆ ಇಲಾಖೆಯ ಅಧಿಕಾರಿಯಾಗಿದ್ದು ಮುಂದೆ ಕಾದಂಬರಿಕಾರನೆಂದು ಹೆಸರಾದ ಆಂಟನಿ ಟ್ರೊಲೊಪ್, ಫ್ರಾನ್ಸಿನಲ್ಲಿ ಬಳಕೆಯಲ್ಲಿದ್ದ ಬೀದಿಬದಿಯ ಪೆಟ್ಟಿಗೆಗಳ ಮಾದರಿಯನ್ನು ಶಿಫಾರಸು ಮಾಡಿದುದರ ಫಲವಾಗಿ, 1852ರಲ್ಲಿ ಚಾನೆಲ್ ದ್ವೀಪಗಳಲ್ಲೊಂದಾದ ಜರ್ಸಿಯಲ್ಲಿ ಎರಕದ ಕಬ್ಬಿಣದ ಕಂಬಪೆಟ್ಟಿಗೆಗಳು ಪ್ರಯೋಗಕ್ಕೆ ಬಂದವು. 1859ರ ಹೊತ್ತಿಗೆ ವಿನ್ಯಾಸದಲ್ಲಿ ಏಕರೂಪತೆ ತಂದಾಗ, ಸುತ್ತಲಿನ ನೋಟಕ್ಕೆ ಭಂಗ ಬಾರದಿರಲೆಂದು ಅವಕ್ಕೆ ಹಸಿರು ಬಣ್ಣವನ್ನು ಗೊತ್ತುಪಡಿಸಲಾಯಿತು. ಆ ಹಸಿರು ಸುತ್ತಮುತ್ತಲಿನೊಡನೆ ಎಷ್ಟು ಬೆರೆತುಹೋಯಿತೆಂದರೆ, ಪೆಟ್ಟಿಗೆ ಎಲ್ಲಿದೆಯೆಂದು ಗೊತ್ತಾಗುವುದಿಲ್ಲವೆಂಬ ದೂರುಗಳೇ ಹೆಚ್ಚಿದವು. ಇಂದು ಬ್ರಿಟನ್ನಿನ ಗುರುತೇ ಆಗಿರುವ ಕೆಂಪು ಬಣ್ಣ ಬಂದುದು 1874ರಲ್ಲಿ, ಕೇವಲ ಆ ದೂರುಗಳಿಗೆ ಪರಿಹಾರವಾಗಿ. ದೇಶದ ಪೆಟ್ಟಿಗೆಗಳಿಗೆಲ್ಲ ಅದನ್ನು ಬಳಿದು ಮುಗಿಸಲು ಸುಮಾರು ಹತ್ತು ವರ್ಷ ಹಿಡಿಯಿತು.

ಅದೇ ಕೆಂಪು, ಸಾಮ್ರಾಜ್ಯದೊಡನೆ ಹೊರದೇಶಗಳಿಗೆ ಹೋದಾಗ ಬೇರೆ ಅರ್ಥವನ್ನು ಪಡೆಯಿತು. 1922ರಲ್ಲಿ ಸ್ವತಂತ್ರ ರಾಜ್ಯವಾದ ಐರ್ಲೆಂಡ್, ಹೊಸ ಪೆಟ್ಟಿಗೆಗಳಿಗೆ ಹಣ ಸುರಿಯದೆ, ಬ್ರಿಟಿಷರು ನಿಲ್ಲಿಸಿಹೋದ ಕೆಂಪು ಪೆಟ್ಟಿಗೆಗಳ ಮೇಲೆಯೇ ಹಸಿರು ಬಳಿಸಿತು. ಆದರೆ ಬಾಗಿಲಿನ ಮೇಲಿದ್ದ ರಾಜಾಕ್ಷರ, ಅಂದರೆ ಆಳುವ ಅರಸರ ಹೆಸರಿನ ಮೊದಲ ಅಕ್ಷರಗಳನ್ನು ಹೆಣೆದು ಮಾಡಿದ ಲಾಂಛನವು, ಕಬ್ಬಿಣದೊಡನೆಯೇ ಎರಕಗೊಂಡಿದ್ದರಿಂದ ಹಾಗೆಯೇ ಉಳಿಯಿತು. ಡಬ್ಲಿನ್ನಿನ ಬೀದಿಗಳಲ್ಲಿ ಇಂದಿಗೂ ವಿಕ್ಟೋರಿಯಾ ರಾಣಿಯನ್ನು ಸೂಚಿಸುವ 'ವಿ. ಆರ್.' ಅಕ್ಷರಗಳು ಹಸಿರು ಬಣ್ಣದ ದಪ್ಪ ಪದರಗಳಡಿಯಿಂದ ಉಬ್ಬಿ ನಿಂತಿರುವುದನ್ನು ನೋಡಬಹುದು. ಒಂದು ಹೊಸ ರಾಷ್ಟ್ರವು ಇಷ್ಟು ಕಡಿಮೆ ಖರ್ಚಿನಲ್ಲಿ ತನ್ನ ಅಸ್ತಿತ್ವವನ್ನು ಬೀದಿಬೀದಿಯಲ್ಲಿ ಸಾರಿದ ನಿದರ್ಶನ ಅಪರೂಪವೇ ಸರಿ. ಹಾಂಗ್‌ಕಾಂಗ್ 1997ರಲ್ಲಿ ಚೀನಾಕ್ಕೆ ಮರಳಿದಾಗಲೂ ಅಲ್ಲಿನ ಕೆಂಪು ಪೆಟ್ಟಿಗೆಗಳು ಹಸಿರಾದವು. ಹಳೆಯ ಪೆಟ್ಟಿಗೆಗಳ ರಾಜಾಕ್ಷರಗಳನ್ನು ಮುಚ್ಚಿಸಲು 2015ರಲ್ಲಿ ಅಂಚೆ ಇಲಾಖೆ ಮುಂದಾದಾಗ, ಪರಂಪರೆಯ ಸಂರಕ್ಷಣೆಗಾಗಿ ದುಡಿಯುವವರು ಅದನ್ನು ನ್ಯಾಯವಾಗಿಯೇ ವಿರೋಧಿಸಿದರು. ಜರ್ಮನಿಯ ಹಳದಿಯನ್ನು ಅಳಿಸಿ ಕೆಂಪು ಬಳಿಸಿದ್ದು ನಾಜಿ ಆಡಳಿತ; ಯುದ್ಧ ಮುಗಿದ ಮೇಲೆ ಹಳದಿ ಮರಳಿತು.

ಭಾರತದ ಮಾರ್ಗ ಬೇರೆ. ತನ್ನದೇ ಅಂಚೆ ವ್ಯವಸ್ಥೆಯನ್ನು ಹೊಂದಿದ್ದ ತಿರುವಾಂಕೂರು ಸಂಸ್ಥಾನದ ಶಂಖಮುದ್ರೆಯ ಪೆಟ್ಟಿಗೆಗಳು ಹಸಿರಾಗಿದ್ದವು. ಆ ವ್ಯವಸ್ಥೆ 1951ರಲ್ಲಿ ಭಾರತೀಯ ಅಂಚೆಯಲ್ಲಿ ವಿಲೀನವಾಯಿತು. ಸ್ವತಂತ್ರ ಭಾರತವು ವಸಾಹತು ಕಾಲದ ಕೆಂಪನ್ನು ಕೈಬಿಡಲಿಲ್ಲ, ಬದಲಿಗೆ ಅದರ ಪಕ್ಕದಲ್ಲಿ ಬೇರೆ ಬಣ್ಣಗಳನ್ನು ವಿಂಗಡಣೆಯ ಕೆಲಸಕ್ಕೆ ಹಚ್ಚಿತು. ಮಹಾನಗರಗಳಲ್ಲಿ ಸ್ಥಳೀಯ ಕಾಗದಗಳಿಗೆ ಹಸಿರು, ಇತರ ಮಹಾನಗರಗಳಿಗೆ ಹೋಗುವವಕ್ಕೆ ನೀಲಿ, ರಾಜ್ಯಗಳ ರಾಜಧಾನಿಗಳಿಗೆ ಹಳದಿ ಪೆಟ್ಟಿಗೆಗಳನ್ನು ಇರಿಸಿದ್ದರಿಂದ, ಕಾಗದ ಹಾಕುವವರ ಕೈಯಲ್ಲೇ ವಿಂಗಡಣೆಯ ಮೊದಲ ಹಂತ ಮುಗಿಯುತ್ತಿತ್ತು.

ಜರ್ಸಿಯ ನೆರೆಯ ಗರ್ನ್ಸಿ ದ್ವೀಪವು 1969ರಲ್ಲಿ ತನ್ನದೇ ಅಂಚೆ ಆಡಳಿತವನ್ನು ಆರಂಭಿಸಿ, ಮುಂದೆ ತನ್ನ ಪೆಟ್ಟಿಗೆಗಳಿಗೆ ನೀಲಿ ಬಣ್ಣವನ್ನು ಆರಿಸಿಕೊಂಡಿತು. ಆದರೆ ಅಲ್ಲಿನ ಸೇಂಟ್ ಪೀಟರ್ ಪೋರ್ಟ್ ಪಟ್ಟಣದ ಯೂನಿಯನ್ ಸ್ಟ್ರೀಟ್‌ನಲ್ಲಿ 1853ರಲ್ಲಿ ನಿಲ್ಲಿಸಿದ ಪೆಟ್ಟಿಗೆಯೊಂದನ್ನು ಮಾತ್ರ ಕಡುಗೆಂಪಿನಲ್ಲಿಯೇ ಉಳಿಸಿಕೊಳ್ಳಲಾಗಿದ್ದು, ಅದು ಈಗಲೂ ಕಾಗದಗಳನ್ನು ಸ್ವೀಕರಿಸುತ್ತಿದೆ.